ದುರಸ್ತಿಯೂ ಒಂದು ವಿದ್ಯೆ

ಸಿರಿವಂತಿಕೆಯ ಗುರುತುಗಳು ಕಾಲಕಾಲಕ್ಕೆ ಬದಲಾಗುತ್ತವೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಒಂದು ಕಾಲಕ್ಕೆ ಅಟ್ಟದ ತುಂಬ ಕೊಬ್ಬರಿ, ಕೊಟ್ಟಿಗೆಯಲ್ಲಿ ಅಮೃತಮಹಲ್ ತಳಿಯ ಜೋಡೆತ್ತು ಇದ್ದರೆ ಅದು ಉಳ್ಳವರ ಮನೆ ಎಂದು ತಿಳಿಯುತ್ತಿದ್ದರು. ಆಮೇಲೆ ತಾರಸಿಯ ಮನೆ ಬಂದಿತು, ಟ್ರಾಕ್ಟರು ಬಂದಿತು. ಈಗ ಮನೆಯ ಮುಂದೆ ತೆಂಗಿನ ನೆರಳಿನಲ್ಲಿ ನಿಲ್ಲುವ ಎತ್ತರದ, ಅಗಲದ ಮೋಟಾರಿನ ಕಾಲ. ಪೇಟೆಯವರು ಎಸ್‌ಯುವಿ ಎನ್ನುವುದನ್ನು ಹಳ್ಳಿಯವರು ‘ದೊಡ್ಡ ಗಾಡಿ’ ಎಂದು ಕರೆದು ಸುಮ್ಮನಾಗುತ್ತಾರೆ. ಹೊಸದನ್ನು ಕೊಳ್ಳಬಲ್ಲವರು ಕೆಲವರು. ಉಳಿದವರು ಹತ್ತು ಹದಿನೈದು ವರ್ಷ ಬೇರೆಯವರ ಕೈಯಲ್ಲಿ ಓಡಿದ್ದನ್ನು ಕೊಳ್ಳುತ್ತಾರೆ. ಹಾಗೆ ಕೊಂಡ ಗಾಡಿ ಕೆಲವು ಕಾಲ ಓಡುತ್ತದೆ. ಒಂದು ದಿನ ನಿಲ್ಲುತ್ತದೆ. ನಿಂತ ಗಾಡಿಯ ಸುತ್ತ ನಡೆಯುವ ವ್ಯವಹಾರದಲ್ಲಿ ನಮ್ಮ ಸಮಾಜದ ಒಂದು ಕೊರತೆ ಕಾಣುತ್ತದೆಂದು ತೋರಿದುದರಿಂದ ಈ ನಾಲ್ಕು ಮಾತು.

ಹಳೆಯ ದೊಡ್ಡ ಗಾಡಿಗಳು ಇತ್ತ ಬರುವುದಕ್ಕೆ ಕಾರಣಗಳಿಲ್ಲದೆ ಇಲ್ಲ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿಯ ರಸ್ತೆಗಳಲ್ಲಿ ಓಡಕೂಡದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಪ್ಪಣೆ ಮಾಡಿತು; 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಲ್ಲಿ ಬೇಡವಾದ ಗಾಡಿಗಳು ಹೊಸದರ ಬೆಲೆಯ ಒಂದು ಸಣ್ಣ ಪಾಲಿಗೆ ಬೇರೆ ರಾಜ್ಯಗಳಿಗೆ ಹರಿದವು. ಇತ್ತ ಕೊಬ್ಬರಿಯ ಬೆಲೆ ಒಂದು ಸ್ಥಿತಿಯಲ್ಲಿ ನಿಲ್ಲುವುದಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದ್ದಾಗ ಮಾರುಕಟ್ಟೆಯ ಬೆಲೆ ಅದರ ಕೆಳಗೇ ಇತ್ತು. 2025ರಲ್ಲಿ ಅದೇ ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ 20,000 ರೂಪಾಯಿಯನ್ನು ದಾಟಿ ಏರಿತು. ಬೆಲೆ ಏರಿದ ವರ್ಷ ಗಾಡಿ ಕೊಳ್ಳುವುದು ಸುಲಭ. ಬೆಲೆ ಇಳಿದ ವರ್ಷ ಅದನ್ನು ದುರಸ್ತಿ ಮಾಡಿಸುವುದು ಕಷ್ಟ. ಕೊಳ್ಳುವವರು ಮರೆಯುವ ಸಂಗತಿಯೊಂದುಂಟು. ಗಾಡಿ ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಮೂರನೆಯವರ ಕೈಗೆ ಬಂದ ಮೋಟಾರು ತನ್ನ ಮೊದಲನೆಯ ಒಡೆಯನ ಅಂತಸ್ತಿಗೆ ತಕ್ಕ ಚಾಕರಿಯನ್ನೇ ಕೇಳುತ್ತದೆ.

ಈ ಗಾಡಿಗಳು ನಿಲ್ಲುವುದಕ್ಕೆ ನೂರು ಕಾರಣಗಳಿರಬಹುದು. ಅವುಗಳಲ್ಲಿ ಬಹಳ ಹಣವನ್ನು ನುಂಗುವುದೂ, ಬಹಳ ಸಲ ತಪ್ಪಾಗಿ ಊಹಿಸಲ್ಪಡುವುದೂ ಇಂಧನದ ದಾರಿಯ ತೊಂದರೆ. ಇದನ್ನು ಅರಿಯಲು ಯಂತ್ರಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಕೆರೆಯ ನೀರು ತೂಬಿನಿಂದ ಹೊರಟು ಕಾಲುವೆಯಲ್ಲಿ ಹರಿದು ಗದ್ದೆಯ ಮಡಿಯನ್ನು ಸೇರುವಂತೆ, ಡೀಸೆಲ್ಲು ಟ್ಯಾಂಕಿನಿಂದ ಹೊರಟು ಕೊಳವೆಯಲ್ಲಿ ಹರಿದು, ಫಿಲ್ಟರಿನಲ್ಲಿ ಸೋಸಿಕೊಂಡು, ಪಂಪಿನಲ್ಲಿ ಒತ್ತಡ ಪಡೆದು, ಇಂಜೆಕ್ಟರಿನ ಮೂತಿಯಿಂದ ಮಂಜಿನಂತೆ ಸಿಡಿದು ಎಂಜಿನ್ನನ್ನು ಸೇರುತ್ತದೆ. ಮಿಕ್ಕಿದ್ದು ಮತ್ತೊಂದು ಕೊಳವೆಯಲ್ಲಿ ಟ್ಯಾಂಕಿಗೆ ಮರಳುತ್ತದೆ. ಮಡಿಗೆ ನೀರು ಬರದಿದ್ದರೆ ಬುದ್ಧಿವಂತನಾದ ಬೇಸಾಯಗಾರ ಮೊದಲು ಗದ್ದೆಯನ್ನು ಅಗೆಯುವುದಿಲ್ಲ. ತೂಬಿನಿಂದ ಕಾಲುವೆಯ ಗುಂಟ ನಡೆದು ಬರುತ್ತಾನೆ. ಮೋಟಾರಿನ ವಿಷಯದಲ್ಲಿ ಮಾತ್ರ ನಾವು ಗದ್ದೆಯನ್ನೇ ಮೊದಲು ಅಗೆಯುತ್ತೇವೆ. ನಿಂತ ಗಾಡಿಗೆ ಮೊದಲ ಮದ್ದಾಗಿ ಹೊಸ ಇಂಜೆಕ್ಟರು, ಎರಡನೆಯ ಮದ್ದಾಗಿ ಹೊಸ ಪಂಪು!

ನಮ್ಮ ಸೀಮೆಗೆ ಈ ವಿದ್ಯೆ ಹೊಸದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಊರಿಗೆ ವಿದ್ಯುತ್ತು ಬರುವ ಮೊದಲು ಬಾವಿಯ ನೀರನ್ನು ತೋಟಕ್ಕೆ ಎತ್ತುತ್ತಿದ್ದುದು ಎಣ್ಣೆ ಎಂಜಿನ್ನು. ಅದು ಗಾಳಿ ಹಿಡಿದು ನಿಂತರೆ ಕೊಳವೆಯ ನಟ್ಟನ್ನು ಅರ್ಧ ಸಡಿಲಿಸಿ, ಗುಳ್ಳೆಗಳು ಹೋಗಿ ಡೀಸೆಲ್ಲಿನ ಧಾರೆ ಕಾಣುವವರೆಗೆ ಕಾದು, ಮತ್ತೆ ಬಿಗಿದು ತಿರುಗಿಸುವುದನ್ನು ರೈತರು ತಾವೇ ಬಲ್ಲವರಾಗಿದ್ದರು. ದೇಶದ ಡೀಸೆಲ್ ಪಂಪಿನ ಕೈಗಾರಿಕೆಯ ಒಂದು ಮುಖ್ಯ ನೆಲೆಯೂ ಕರ್ನಾಟಕವೇ. 1951ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಜನರ ಬಾಯಲ್ಲಿ ‘ಮೈಕೋ’ ಆಯಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಕೈಗಳು ಇಂದಿಗೂ ‘ಮೈಕೋ ಪಂಪು’ ಎಂದೇ ಹೇಳುತ್ತವೆ.

2002ರಿಂದ ಹಿಂದೂಸ್ತಾನ್ ಮೋಟಾರ್ಸ್ ತನ್ನ ತಿರುವಳ್ಳೂರಿನ ಕಾರ್ಖಾನೆಯಲ್ಲಿ ತಯಾರಿಸಿದ ಮಿತ್ಸುಬಿಷಿ ಪಜೆರೋ ಗಾಡಿಯ 2.8 ಲೀಟರಿನ ಡೀಸೆಲ್ ಎಂಜಿನ್ನು ಈ ಹಳೆಯ ವಂಶಕ್ಕೆ ಸೇರಿದ್ದು. ಅಲ್ಲಿ ಇಂಧನವನ್ನು ಹಂಚುವುದು ತಿರುಗುವ ಯಾಂತ್ರಿಕ ಪಂಪು. ಬೆಳಿಗ್ಗೆ ಬಹಳ ಹೊತ್ತು ಕೀಲಿ ತಿರುವಿದ ಮೇಲೆ ಹೊತ್ತುವುದು, ಏರಿನಲ್ಲಿ ಬಲ ಕುಂದುವುದು, ಹೊಗೆ ಬಣ್ಣ ಬದಲಿಸುವುದು, ಇವೆಲ್ಲ ಅದರ ಭಾಷೆ. ಕಪ್ಪು ಹೊಗೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಸಾಲದು ಎನ್ನುತ್ತದೆ. ಬಿಳಿಯ ಹೊಗೆ ಇಂಧನ ಸುಡದೆ ಹೊರಬೀಳುತ್ತಿದೆ ಎನ್ನುತ್ತದೆ. ನೀಲಿ ಹೊಗೆ ಸುಡುತ್ತಿರುವುದು ಎಂಜಿನ್ ಆಯಿಲ್ ಎಂದು ಸಾರುತ್ತದೆ. ನುರಿತ ಮೆಕ್ಯಾನಿಕ್ಕು ಎಂಜಿನ್ನು ಓಡುತ್ತಿರುವಾಗಲೇ ಒಂದೊಂದು ನಾಜಲ್ಲಿನ ಕೊಳವೆಯ ನಟ್ಟನ್ನು ಸಡಿಲಿಸಿ, ಯಾವುದನ್ನು ಸಡಿಲಿಸಿದಾಗ ಶಬ್ದ ಬದಲಾಗುವುದಿಲ್ಲವೋ ಅದೇ ಕೆಟ್ಟದ್ದೆಂದು ಹೇಳಬಲ್ಲ. ಕಿವಿಯೇ ಅವನ ಉಪಕರಣ.

ಈ ಮಾತು ತೆಂಗಿನ ಸೀಮೆಯವರಿಗೆ ವಿವರಿಸಬೇಕಾದುದಲ್ಲ. ಉಂಡೆ ಕೊಬ್ಬರಿ ಆಗುವ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಕಾಯುತ್ತದೆ. ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಟ್ಟಿತೋ ಇಲ್ಲವೋ ಎಂಬುದನ್ನು ಬೆಳೆಗಾರ ಕಾಯಿ ಅಲ್ಲಾಡಿಸಿ, ಅದು ಗಲಗಲ ಎನ್ನುವ ದನಿಯಿಂದ ತಿಳಿಯುತ್ತಾನೆ. ಒಡೆಯದೆ ಒಳಗನ್ನು ಅರಿಯುವುದೇ ಆ ಜಾಣ್ಮೆ. ದುರಸ್ತಿಯ ವಿದ್ಯೆಯ ಸಾರವೂ ಇಷ್ಟೇ. ಬಿಚ್ಚುವುದು ಯಾರಿಂದಲಾದರೂ ಆದೀತು. ಬಿಚ್ಚುವ ಮೊದಲು ಅರಿಯುವುದೇ ವಿದ್ಯೆ.

ಆದರೆ ಯಂತ್ರದ ಒಳಗೇ ಕ್ರಾಂತಿಯಾಯಿತು. 1997ರಲ್ಲಿ ಯೂರೋಪಿನ ಕಾರುಗಳಲ್ಲಿ ‘ಕಾಮನ್ ರೈಲ್’ ಎಂಬ ಹೊಸ ಏರ್ಪಾಡು ಬಂದಿತು. ಪಂಪು ಎಲ್ಲ ಇಂಜೆಕ್ಟರುಗಳಿಗೂ ಸಾಮಾನ್ಯವಾದ ಒಂದು ಗಟ್ಟಿ ಕೊಳವೆಯಲ್ಲಿ ಡೀಸೆಲ್ಲನ್ನು ಅಪಾರ ಒತ್ತಡದಲ್ಲಿ ತುಂಬಿಡುತ್ತದೆ. ಯಾವಾಗ, ಎಷ್ಟು ಸಿಡಿಸಬೇಕೆಂಬುದನ್ನು ಕಂಪ್ಯೂಟರು ಗೊತ್ತುಮಾಡುತ್ತದೆ. ಮೊದಲ ತಲೆಮಾರಿನಲ್ಲೇ ಆ ಒತ್ತಡ ಸುಮಾರು 1,350 ಬಾರ್, ಎಂದರೆ ನಮ್ಮನ್ನು ಸುತ್ತಿರುವ ಗಾಳಿಯ ಒತ್ತಡದ ಸಾವಿರದ ಮುನ್ನೂರು ಪಟ್ಟಿಗೂ ಮೇಲೆ. ನಮ್ಮ ನೆರೆಯ ಬಿಡದಿಯ ಕಾರ್ಖಾನೆಯಿಂದ 2009ರಲ್ಲಿ ಹೊರಬಂದ ಟೊಯೊಟಾ ಫಾರ್ಚೂನರ್ ಈ ಎರಡನೆಯ ವಂಶದ್ದು. ಅಂದು ಹೊಸದಾಗಿದ್ದ ಆ ಗಾಡಿಗಳೂ ಈಗ ಹದಿನೈದನ್ನು ದಾಟಿ ಹಳೆಯವುಗಳ ಸಾಲಿಗೆ ಸೇರಿವೆ.

ಇಲ್ಲಿಯೇ ಆತಂಕದ ಸಂಗತಿ ಇರುವುದು. ಹಳೆಯ ಎಂಜಿನ್ನಿನಲ್ಲಿ ಜಾಣ್ಮೆಯಾಗಿದ್ದ ಅಭ್ಯಾಸ ಹೊಸದರಲ್ಲಿ ಪ್ರಾಣಕ್ಕೆ ಸಂಚಕಾರ. ಓಡುತ್ತಿರುವ ಕಾಮನ್ ರೈಲ್ ಎಂಜಿನ್ನಿನ ಒತ್ತಡದ ಕೊಳವೆಯ ನಟ್ಟನ್ನು ಯಾರೂ ಸಡಿಲಿಸಕೂಡದು. ಕೂದಲೆಳೆಯಂಥ ಸಂದಿನಿಂದ ಹೊಮ್ಮುವ ಡೀಸೆಲ್ಲು ಚರ್ಮವನ್ನು ಭೇದಿಸಿ ಒಳಹೊಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಕೆಡುವುದು ಇಡೀ ಕೈ. ಅಂಥ ಗಾಯವಾದವನನ್ನು ತಡಮಾಡದೆ ಶಸ್ತ್ರವೈದ್ಯರ ಬಳಿಗೆ ಒಯ್ಯಬೇಕು. ಇಷ್ಟನ್ನು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗನಿಗೆ ಅವನ ಭಾಷೆಯಲ್ಲಿ ಹೇಳಿದವರು ಯಾರು? ಹೇಳದೆ ಹೋದರೆ ಅವನು ತನ್ನ ಗುರುವಿನಿಂದ ಕಲಿತುದನ್ನೇ ಮಾಡುತ್ತಾನೆ. ಅದು ಅವನ ತಪ್ಪಲ್ಲ.

ಹೊಸ ಏರ್ಪಾಡಿಗೆ ಹೊಸ ಪರೀಕ್ಷೆಗಳುಂಟು, ಅವೆಲ್ಲವೂ ದುಬಾರಿಯಲ್ಲ. ಸವೆದ ಇಂಜೆಕ್ಟರು ತಾನು ಸಿಡಿಸಬೇಕಾದ ಡೀಸೆಲ್ಲನ್ನು ಹೆಚ್ಚಾಗಿ ಹಿಂದಕ್ಕೆ ಬಿಟ್ಟುಕೊಡುತ್ತದೆ. ಪ್ರತಿಯೊಂದು ಇಂಜೆಕ್ಟರಿನ ಹಿಂತಿರುಗುವ ಕೊಳವೆಗೂ ಒಂದೊಂದು ಅಳತೆಯ ಬಾಟಲಿ ಕಟ್ಟಿ ಒಂದೆರಡು ನಿಮಿಷ ಎಂಜಿನ್ನನ್ನು ಓಡಿಸಿದರೆ, ಯಾವ ಬಾಟಲಿ ಬೇಗ ತುಂಬಿತೋ ಆ ಇಂಜೆಕ್ಟರಿನ ಮೇಲೆ ಸಂಶಯ ಪಡಬೇಕು. ಸಿಗ್ನಲಿನಲ್ಲಿ ನಿಂತಾಗ ಎಂಜಿನ್ನು ಏರಿಳಿದು ಆರಿಹೋಗುವುದಾದರೆ, ಇಡೀ ಪಂಪನ್ನು ದೂರುವ ಮೊದಲು ಪಂಪಿನೊಳಕ್ಕೆ ಡೀಸೆಲ್ಲನ್ನು ಅಳೆದು ಬಿಡುವ ಸಣ್ಣ ವಾಲ್ವನ್ನು ನೋಡಬೇಕು. ಅದೊಂದು ಅಂಟಿಕೊಂಡರೂ ಇದೇ ಲಕ್ಷಣ. ಹೊಸ ಇಂಜೆಕ್ಟರನ್ನು ಹಾಕಿದ ಮೇಲೆ ಅನೇಕ ಗಾಡಿಗಳಲ್ಲಿ ಅದರ ಮೈಮೇಲಿನ ಸಂಕೇತವನ್ನು ಕಂಪ್ಯೂಟರಿಗೆ ಓದಿಸಬೇಕು; ಓದಿಸದಿದ್ದರೆ ಒಳ್ಳೆಯ ಭಾಗವೂ ಕೆಟ್ಟದರಂತೆ ನಡೆದುಕೊಳ್ಳುತ್ತದೆ.

ಇವೆಲ್ಲಕ್ಕೂ ಮೊದಲು ನೋಡಬೇಕಾದ, ಕಾಸಿನ ಖರ್ಚಿಲ್ಲದ ಸಂಗತಿಗಳಿವೆ. ಹತ್ತು ಮೈಲಿ ಚೆನ್ನಾಗಿ ಓಡಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೊತ್ತುವ ಗಾಡಿಯ ಟ್ಯಾಂಕಿನ ಮುಚ್ಚಳ ತೆಗೆದಾಗ ‘ಹುಸ್’ ಎಂದು ಗಾಳಿ ಒಳಕ್ಕೆ ಎಳೆದುಕೊಂಡರೆ, ಟ್ಯಾಂಕು ಉಸಿರಾಡುವ ರಂಧ್ರ ಕಟ್ಟಿದೆಯೆಂದು ತಿಳಿಯಬೇಕು. ಅರ್ಧ ತುಂಬಿದ ಟ್ಯಾಂಕಿನೊಡನೆ ವಾರಗಟ್ಟಲೆ ನಿಂತ ಗಾಡಿಯಲ್ಲಿ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟಿ ಫಿಲ್ಟರನ್ನು ಮುಚ್ಚುತ್ತವೆ. ಮದುವೆಗೂ ಜಾತ್ರೆಗೂ ಮಾತ್ರ ಹೊರಡುವ ದೊಡ್ಡ ಗಾಡಿಗೆ ಈ ರೋಗ ಹೆಚ್ಚು. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ನೀರನ್ನು ಇಳಿಸುವುದಕ್ಕೆ ಎಷ್ಟು ಹೊತ್ತು ಬೇಕು? ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಹೊತ್ತದ ಗಾಡಿಗೆ ಫಿಲ್ಟರಿನ ಆಚೆ ಒಂದು ಗೇಣು ಪಾರದರ್ಶಕ ಕೊಳವೆ ಸೇರಿಸಿ ನೋಡಿದರೆ, ಬಿರುಕು ಬಿಟ್ಟ ರಬ್ಬರಿನಿಂದ ನುಸುಳುವ ಗಾಳಿಯ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ.

ಇಂಧನವೇ ಬದಲಾಗಿರುವುದನ್ನೂ ಗಮನಿಸಬೇಕು. ಡೀಸೆಲ್ಲಿನಲ್ಲಿ ಗಂಧಕದ ಮಿತಿ 2017ರಲ್ಲಿ ದೇಶಾದ್ಯಂತ ಹತ್ತು ಲಕ್ಷಕ್ಕೆ 50 ಭಾಗಕ್ಕೂ, 2020ರಲ್ಲಿ 10 ಭಾಗಕ್ಕೂ ಇಳಿಯಿತು. ಗಾಳಿಗೆ ಇದು ಉಪಕಾರ. ಆದರೆ ಹಳೆಯ ಡೀಸೆಲ್ಲಿನಲ್ಲಿ ಉಬ್ಬಿ ಒಗ್ಗಿದ್ದ ರಬ್ಬರಿನ ಉಂಗುರಗಳು ಸಂಸ್ಕರಿಸಿದ ಹೊಸ ಡೀಸೆಲ್ಲಿನಲ್ಲಿ ಕುಗ್ಗಿ ಸೋರುವುದುಂಟು. ಅಮೆರಿಕದಲ್ಲಿ 1993ರಲ್ಲಿ ಗಂಧಕ ಇಳಿಸಿದಾಗಲೇ ಇದು ಕಂಡುಬಂದಿತ್ತು. ಪೆಟ್ರೋಲಿನ ಕಥೆಯೂ ಹೀಗೆಯೇ. ಇಪ್ಪತ್ತರಷ್ಟು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು. ಕೆಲವು ಹಳೆಯ ಗಾಡಿಗಳಲ್ಲಿ ರಬ್ಬರಿನ ಭಾಗಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಬದಲಿಸಬೇಕಾದೀತೆಂದು 2025ರಲ್ಲಿ ಪೆಟ್ರೋಲಿಯಂ ಸಚಿವಾಲಯವೇ ಹೇಳಿತು. ಎಥನಾಲ್ ನೀರನ್ನು ಹೀರುತ್ತದೆ. ನಿಂತೇ ಇರುವ ಪೆಟ್ರೋಲ್ ಗಾಡಿಗೆ ಅದು ಒಳ್ಳೆಯದಲ್ಲ. ಇದರ ಅರ್ಥ ಹೊಸ ಇಂಧನ ಕೆಟ್ಟದ್ದೆಂದಲ್ಲ. ಹಳೆಯ ಗಾಡಿಯ ಒಡೆಯ ಕೆಲವು ಉಂಗುರಗಳನ್ನೂ ಕೊಳವೆಗಳನ್ನೂ ಕಾಲಕ್ಕೆ ಸರಿಯಾಗಿ ಬದಲಿಸಬೇಕೆಂದು.

ತೆಂಗಿನ ಸೀಮೆಯಲ್ಲಿ ಕುಳಿತು ಇಂಧನದ ಮಾತಾಡುವಾಗ ತೆಂಗಿನ ಎಣ್ಣೆಯ ನೆನಪಾಗುವುದು ಸಹಜ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. 1990ರ ದಶಕದಲ್ಲಿ ದಿಗ್ಬಂಧನಕ್ಕೆ ಸಿಕ್ಕ ಬೋಗನ್‌ವಿಲ್ ದ್ವೀಪದ ಜನ ತೆಂಗಿನ ಎಣ್ಣೆಯಿಂದ ಗಾಡಿ ಓಡಿಸಿದರು. ಫಿಲಿಪೀನ್ಸ್ ದೇಶ 2007ರಿಂದ ತೆಂಗಿನ ಎಣ್ಣೆಯಿಂದ ಮಾಡಿದ ಇಂಧನವನ್ನು ಕಾನೂನಿನಂತೆ ಡೀಸೆಲ್ಲಿಗೆ ಬೆರೆಸುತ್ತಿದೆ. ಹಾಗೆಂದು ಯಾರೂ ಮನೆಯ ಎಣ್ಣೆಯನ್ನು ಟ್ಯಾಂಕಿಗೆ ಸುರಿಯಬಾರದು. ಸುಮಾರು 24 ಡಿಗ್ರಿಯ ಕೆಳಗೆ ಅದು ಗಡ್ಡೆ ಕಟ್ಟುತ್ತದೆ. ಮಾಗಿಯ ಬೆಳಗಿನಲ್ಲಿ ಸೀಸೆಯೊಳಗಿನ ಎಣ್ಣೆ ಏನಾಗುತ್ತದೆಂಬುದನ್ನು ನಮ್ಮ ಹೆಂಗಸರೆಲ್ಲ ಬಲ್ಲರು. ಬೆಲೆಯನ್ನು ನೋಡಿದರಂತೂ, ಕೊಬ್ಬರಿ ಮಾರಿ ಡೀಸೆಲ್ ಕೊಳ್ಳುವುದೇ ಲಾಭ!

ಇಷ್ಟು ತಾಪತ್ರಯವೇಕೆ, ಹಳೆಯದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಬಾರದೆ ಎಂದು ಕೇಳುವವರಿದ್ದಾರೆ. ಅವರ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಹಳೆಯ ಗಾಡಿ ಹೆಚ್ಚು ಹೊಗೆ ಉಗುಳುತ್ತದೆ. ಸರ್ಕಾರದ ಒಲವೂ ಅತ್ತಲೇ; ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯ ನವೀಕರಣಕ್ಕೆ 2022ರ ಏಪ್ರಿಲಿನಿಂದ 5,000 ರೂಪಾಯಿ, ಇಪ್ಪತ್ತು ದಾಟಿದ್ದಕ್ಕೆ 2025ರಿಂದ 10,000 ರೂಪಾಯಿ ಶುಲ್ಕ ಗೊತ್ತಾಗಿದೆ. ಆದರೆ ಹೊಗೆಯುಗುಳುವ ಎಷ್ಟೋ ಗಾಡಿಗಳ ರೋಗ ವಯಸ್ಸಲ್ಲ, ಸರಿಯಾಗಿ ಸಿಡಿಸದ ನಾಜಲ್ಲು. ಹೊಸದನ್ನು ಕೊಂಡವನೂ ಹತ್ತು ವರ್ಷದಲ್ಲಿ ಹಳೆಯದರ ಒಡೆಯನೇ ಆಗುತ್ತಾನೆ. ದುರಸ್ತಿಯನ್ನು ಕಲಿಯದ ಊರಿಗೆ ಕೊಳ್ಳುವುದೊಂದೇ ಗತಿ. ಕೊಳ್ಳುವುದೊಂದನ್ನೇ ಬಲ್ಲ ಊರು ತನ್ನ ಸಾಮಾನಿಗೇ ಬಾಡಿಗೆದಾರ.

ಊಹೆಯ ದುರಸ್ತಿಯ ದೋಷವನ್ನು ಮೆಕ್ಯಾನಿಕ್ಕಿನ ತಲೆಗೇ ಕಟ್ಟುವುದು ಅನ್ಯಾಯ. ಸ್ಕ್ಯಾನರು ‘ರೈಲಿನ ಒತ್ತಡ ಕಡಿಮೆ’ ಎಂದು ತೋರಿಸಿತೆನ್ನೋಣ. ಅದು ಲಕ್ಷಣ, ರೋಗವಲ್ಲ. ಕಟ್ಟಿದ ಫಿಲ್ಟರು, ನುಸುಳಿದ ಗಾಳಿ, ಅಂಟಿದ ವಾಲ್ವು, ಸವೆದ ಪಂಪು, ಸೋರುವ ಇಂಜೆಕ್ಟರು, ಸುಳ್ಳು ಹೇಳುವ ಸೆನ್ಸರು, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಕ್ರಮವಾಗಿ ಪರೀಕ್ಷಿಸಲು ತಯಾರಕರ ಕೈಪಿಡಿ ಬೇಕು, ಅಳತೆಗಳು ಬೇಕು. ಅವು ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯುತ್ತಿರಲಿಲ್ಲ. ಬಿಡಿಭಾಗಗಳನ್ನೂ ರೋಗಪರೀಕ್ಷೆಯ ಉಪಕರಣಗಳನ್ನೂ ಹೊರಗಿನ ದುರಸ್ತಿಗಾರರಿಗೆ ತಡೆದರೆಂದು 2014ರ ಆಗಸ್ಟಿನಲ್ಲಿ ಭಾರತ ಸ್ಪರ್ಧಾ ಆಯೋಗವು 14 ಕಾರು ತಯಾರಕರಿಗೆ 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಪ್ರಕರಣ ಮೇಲ್ಮನವಿಗೆ ಹೋಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ನ ವಿಚಾರಕ್ಕೆ ಸಮಿತಿಯೊಂದನ್ನು ನೇಮಿಸಿತು. ಅದು ಆರಿಸಿಕೊಂಡ ಕ್ಷೇತ್ರಗಳಲ್ಲಿ ಮೋಟಾರುಗಳೂ ಕೃಷಿಯಂತ್ರಗಳೂ ಸೇರಿದ್ದುವು. ಇವು ನಮ್ಮ ಊರಿಗೆ ದೂರದ ಸುದ್ದಿಯಲ್ಲ. ಕಿಬ್ಬನಹಳ್ಳಿ ಕ್ರಾಸಿನ ಆಚೀಚೆ ಹೆದ್ದಾರಿಯ ಬದಿಯಲ್ಲಿ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುವವನ ಅನ್ನದ ಪ್ರಶ್ನೆ.

ಹಕ್ಕು ದೊರೆತರೂ ಓದಬಲ್ಲ ಕಣ್ಣು ಬೇಡವೆ? ಕನ್ನಡದ ಓದುಗರಿಗೂ ಉಪಾಧ್ಯಾಯರಿಗೂ ಈ ಮಾತು ಸಲ್ಲಬೇಕು. ನಮ್ಮಲ್ಲಿ ಶಿವರಾಮ ಕಾರಂತರಂಥ ಸಾಹಿತಿಗಳು ವಿಜ್ಞಾನವನ್ನು ಕನ್ನಡಿಸಿ ಸಂಪುಟಗಳನ್ನೇ ಬರೆದ ಪರಂಪರೆಯಿದೆ. ಆದರೆ ಕೈಗಾರಿಕಾ ತರಬೇತಿ ಮುಗಿಸಿ ಬಂದ ಹಳ್ಳಿಯ ಹುಡುಗ ಎದೆಗವಚಿಕೊಂಡು ಓದಬಹುದಾದ, ಚಿತ್ರಗಳುಳ್ಳ, ಕ್ರಮಬದ್ಧವಾದ ಮೋಟಾರು ದುರಸ್ತಿಯ ಗ್ರಂಥ ಕನ್ನಡದಲ್ಲಿ ಮನೆಮಾತಾಗಿಲ್ಲ. ಪಾರಿಭಾಷಿಕ ಪದಗಳ ಕೊರತೆಯೆಂದು ಹೆದರಬೇಕಾಗಿಲ್ಲ. ಗಾಳಿ ಹಿಡಿಯುವುದು, ಉಸಿರು ಕಟ್ಟುವುದು, ಕೆಮ್ಮುವುದು, ಎಳೆತ ಸಾಲದಿರುವುದು, ಹೀಗೆ ಗ್ಯಾರೇಜುಗಳಲ್ಲಿ ಜೀವಂತವಾದ ಒಂದು ನಿಘಂಟು ಬಳಕೆಯಲ್ಲಿದೆ. ತಿಪಟೂರಿನಲ್ಲಿ ಕಲ್ಪತರುವಿನ ಹೆಸರಿನ ಎಂಜಿನಿಯರಿಂಗ್ ಕಾಲೇಜೇ ಇದೆ. ಅದರ ವಿದ್ಯಾರ್ಥಿಗಳೂ ಊರಿನ ಮೆಕ್ಯಾನಿಕ್ಕುಗಳೂ ವರ್ಷಕ್ಕೆ ಕೆಲವು ದಿನ ಒಂದೇ ಎಂಜಿನ್ನಿನ ಸುತ್ತ ನಿಂತರೆ, ಒಬ್ಬರ ಸಿದ್ಧಾಂತವೂ ಇನ್ನೊಬ್ಬರ ಕಿವಿಯೂ ಪರಸ್ಪರ ಸಾಲ ಪಡೆದಾವು.

ಒಡೆಯರ ಕರ್ತವ್ಯವೂ ಉಂಟು. ಗಾಡಿ ಕೊಳ್ಳುವ ಮೊದಲು ತಣ್ಣಗಿರುವ ಎಂಜಿನ್ನನ್ನು ಹೊತ್ತಿಸಿ ನೋಡಬೇಕು. ಮಾರುವವನು ಬಿಸಿಮಾಡಿ ಇಟ್ಟ ಎಂಜಿನ್ನು ತನ್ನ ದೋಷವನ್ನು ಹೇಳುವುದಿಲ್ಲ. ಫಿಲ್ಟರಿನಲ್ಲಿ ಕಾಸು ಉಳಿಸಲು ಹೋಗಬಾರದು; ಮನುಷ್ಯನ ಕೂದಲಿಗಿಂತ ಹತ್ತಾರು ಪಟ್ಟು ಕಿರಿದಾದ ಸಂದುಗಳುಳ್ಳ ಇಂಜೆಕ್ಟರಿಗೆ ಧೂಳಿನ ಕಣವೇ ಬಂಡೆ. ಎಲ್ಲಕ್ಕಿಂತ ಮಿಗಿಲಾಗಿ, ಪರೀಕ್ಷೆಗೆ ಕೂಲಿ ಕೊಡುವುದನ್ನು ಕಲಿಯಬೇಕು. ಹೊಸ ಭಾಗಕ್ಕೆ ಸಾವಿರಾರು ರೂಪಾಯಿ ಎಣಿಸಿ ಕೊಡುವವರೇ, ಅರ್ಧ ದಿನ ಯೋಚಿಸಿ ‘ಇದು ಕೆಟ್ಟಿಲ್ಲ, ರಬ್ಬರು ಕೊಳವೆ ಮಾತ್ರ ಕೆಟ್ಟಿದೆ’ ಎಂದವನಿಗೆ ‘ಏನು ಮಾಡಿದೆಯಪ್ಪಾ, ಕೊಳವೆ ತಾನೆ?’ ಎಂದು ಚೌಕಾಸಿ ಮಾಡುತ್ತಾರೆ. ಅರಿವಿಗೆ ಬೆಲೆಯಿಲ್ಲದ ಕಡೆ ಊಹೆಯೇ ವ್ಯಾಪಾರವಾಗುತ್ತದೆ. ಪ್ರಾಮಾಣಿಕನೂ ಬದುಕಲು ಭಾಗ ಬದಲಿಸುವವನೇ ಆಗುತ್ತಾನೆ.

ವೈದ್ಯನ ಸಲಹೆಗೂ ವಕೀಲನ ಅಭಿಪ್ರಾಯಕ್ಕೂ ಹಣ ಕೊಡುವುದು ನಮಗೆ ಅಭ್ಯಾಸವಾಗಿದೆ. ಎಣ್ಣೆ ಮೆತ್ತಿದ ಕೈಯವನ ಅಭಿಪ್ರಾಯವೂ ವಿದ್ಯೆಯೆಂದು ಒಪ್ಪಿಕೊಳ್ಳುವುದು ಮಾತ್ರ ಬಾಕಿಯಿದೆ. ಕಾಯಿಯನ್ನು ಒಡೆಯದೆ ಕೊಬ್ಬರಿಯನ್ನು ಅರಿಯುವವರ ನಾಡಿಗೆ ಇದು ಕಠಿನವಾಗಬಾರದು. ದೊಡ್ಡ ಗಾಡಿ ಮನೆಯ ಮುಂದೆ ನಿಂತಿರುವುದರಿಂದ ಬರುವ ಮರ್ಯಾದೆ ಎಷ್ಟು ದಿನದ್ದು? ಕೆಟ್ಟಾಗ ಅದನ್ನು ಸರಿಪಡಿಸಬಲ್ಲ ಕೈಗಳು ಊರಿನಲ್ಲಿವೆ, ಆ ಕೈಗಳಿಗೆ ತಿಳಿವಳಿಕೆಯೂ ತಕ್ಕ ಕೂಲಿಯೂ ದೊರೆಯುತ್ತಿವೆ ಎಂಬ ಮರ್ಯಾದೆ ಗಾಡಿ ಹಳೆಯದಾದ ಮೇಲೂ ಉಳಿಯುತ್ತದೆ.